ಹುಲ್ಲುಹಾಸಿನ ಗೊಬ್ಬರಕ್ಕೆ ಊರಿನ ಕಡಿವಾಣ: ಅಮೆರಿಕದ ಕೌಂಟಿಗಳು ನೀರು ಉಳಿಸಲು ಮಾಡಿದ್ದೇನು?

ಅಮೆರಿಕದ ಫ್ಲಾರಿಡಾ ರಾಜ್ಯದ ಪಿನೆಲಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು) ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಮನೆ ಮುಂದಿನ ಹುಲ್ಲಿಗೆ ಸಾರಜನಕವಾಗಲಿ ರಂಜಕವಾಗಲಿ ಇರುವ ಗೊಬ್ಬರ ಹಾಕುವಂತಿಲ್ಲ. ಹಾಕುವುದಿರಲಿ, ಆ ನಾಲ್ಕು ತಿಂಗಳು ಅಂಗಡಿಯವರು ಹುಲ್ಲುಹಾಸಿಗೆಂದು ಅಂಥ ಗೊಬ್ಬರ ಮಾರುವಂತೆಯೂ ಇಲ್ಲ. 2010ರಲ್ಲಿ ಬಂದ ನಿಯಮ ಇದು. ಫ್ಲಾರಿಡಾದ ನೂರಕ್ಕೂ ಹೆಚ್ಚು ನಗರ ಮತ್ತು ಕೌಂಟಿಗಳಲ್ಲಿ ಇಂಥದೇ ಬೇಸಿಗೆ ನಿಷೇಧಗಳಿವೆ (ಅಲ್ಲಿ ಬೇಸಿಗೆಯೇ ಮಳೆಗಾಲ), ಹೆಚ್ಚಿನ ಕಡೆ ಮಾರಾಟದ ಮಟ್ಟಿಗೆ ಪಿನೆಲಸ್‌ನಷ್ಟು ಬಿಗಿ ಇಲ್ಲ, ಅಷ್ಟೆ.

ಹೊಲ ಗದ್ದೆ ನೋಡಿ ಬೆಳೆದ ಕನ್ನಡಿಗರಿಗೆ ಇದನ್ನು ಕೇಳಿದೊಡನೆ ಹುಟ್ಟುವ ಪ್ರಶ್ನೆ ಒಂದೇ. ಮಳೆ ಹಿಡಿದು ಪೈರು ಚಿಗುರುವಾಗಲೇ ಅಲ್ಲವೇ ಮೇಲುಗೊಬ್ಬರ ಕೊಡುವುದು? ಬೆಳೆಯುವ ಕಾಲದಲ್ಲೇ ಬೇಡ ಅಂದರೆ ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿನ ಹುಲ್ಲು ತಜ್ಞರೂ ಅದನ್ನೇ ಕೇಳುತ್ತ ಬಂದಿದ್ದಾರೆ. ಉತ್ತರ ಸಿಗಬೇಕಾದರೆ ಗೊಬ್ಬರದ ಚೀಲದಿಂದ ಹೊರಟು ಚರಂಡಿ, ಹೊಳೆ, ಅಳಿವೆ, ಕೊನೆಗೆ ರಾಜ್ಯದ ಶಾಸನಸಭೆಯವರೆಗೂ ಹೋಗಿಬರಬೇಕು.

ಚೀಲದ ಮೇಲೆ ಮೂರು ಅಂಕಿ ಇರುತ್ತವೆ. ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೊಸೈಟಿಗೆ ಹೋಗಿ ‘ಹದಿನೇಳು ಹದಿನೇಳು ಎರಡು ಚೀಲ ಕೊಡಿ’ ಅನ್ನುವವರಿಗೆ ಆ ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್ ಎಂಬುದು ಗೊತ್ತು. ಡಿಎಪಿ ಅಂದರೆ 18-46-0. ಅಂದರೆ ಅದರಲ್ಲಿ ರಂಜಕವೇ ಜಾಸ್ತಿ, ಹಾಗಾಗಿ ಅದು ತಳಗೊಬ್ಬರ. ಯೂರಿಯಾ 46-0-0, ಬರೀ ಸಾರಜನಕ. ಈಗ ಅಮೆರಿಕದ ಯಾವುದಾದರೂ ದೊಡ್ಡ ಅಂಗಡಿಯ ತೋಟದ ವಿಭಾಗಕ್ಕೆ ಹೋಗಿ ಹುಲ್ಲುಹಾಸಿನ ಗೊಬ್ಬರದ ಚೀಲ ನೋಡಿ: 32-0-4 ಎಂದಿರುತ್ತದೆ. ನಡುವಿನ ಆ ಸೊನ್ನೆ ಮೊದಲಿನಿಂದಲೂ ಇದ್ದದ್ದಲ್ಲ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಬೇರೆ ಅಂಕಿ ಇರುತ್ತಿತ್ತು. ಅದನ್ನು ಸೊನ್ನೆಗೆ ಇಳಿಸಿದ್ದು ಸಣ್ಣ ಸಣ್ಣ ಊರುಗಳ ಸಭೆಗಳು.

ಈ ಹುಲ್ಲುಹಾಸು ಎಷ್ಟು ದೊಡ್ಡ ಸಂಗತಿ ಅನ್ನುವ ಅಂದಾಜು ನಮಗೆ ಸುಲಭಕ್ಕೆ ಸಿಗುವುದಿಲ್ಲ. ಉಪಗ್ರಹ ಚಿತ್ರಗಳನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಮನೆ, ಕಚೇರಿ, ಗಾಲ್ಫ್ ಮೈದಾನ ಎಲ್ಲ ಸೇರಿ ಅಮೆರಿಕದಲ್ಲಿ ಹುಲ್ಲುಹಾಸು ಸುಮಾರು 1,60,000 ಚದರ ಕಿಲೋಮೀಟರ್ ಇದೆ. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಆ ದೇಶದಲ್ಲಿ ನೀರು ಹಾಯಿಸಿ ಬೆಳೆಸುವ ಯಾವ ಬೆಳೆಯೂ ಇಷ್ಟು ಜಾಗ ಹಿಡಿದಿಲ್ಲ. ಇದನ್ನು ಯಾರೂ ಕೊಯ್ದು ಮಾರುವುದಿಲ್ಲ, ದನಕ್ಕೆ ಹಾಕುವುದಿಲ್ಲ. ಹಸಿರಾಗಿ ಕಾಣಲಿ ಎಂಬುದಷ್ಟೇ ಉದ್ದೇಶ. ಎಷ್ಟೋ ಬಡಾವಣೆಗಳಲ್ಲಿ ಮನೆಮಾಲೀಕರ ಸಂಘವೇ ಹುಲ್ಲು ಹೀಗಿರಬೇಕು ಎಂದು ಕಟ್ಟಳೆ ಮಾಡಿರುತ್ತದೆ, ಒಣಗಿದರೆ ನೋಟಿಸ್ ಬರುತ್ತದೆ.

ಪಾಚಿಗೆ ಏನು ಸಾಲದು?

ಕೆರೆಯಲ್ಲಿ ಪಾಚಿ ಬೆಳೆಯಲು ಬಿಸಿಲು, ಇಂಗಾಲ, ಸಾರಜನಕ, ರಂಜಕ ಎಲ್ಲವೂ ಬೇಕು. ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಬೆಳವಣಿಗೆ ನಿಲ್ಲುತ್ತದೆ. ಹೋಳಿಗೆ ಮಾಡುವಾಗ ಬೆಲ್ಲ ತೀರಿಹೋದರೆ ಬೇಳೆ, ಮೈದಾ ಎಷ್ಟಿದ್ದರೂ ಇನ್ನೊಂದು ಹೋಳಿಗೆ ಆಗದಲ್ಲ, ಹಾಗೆ. ಸಿಹಿನೀರಿನ ಕೆರೆಗಳಲ್ಲಿ ಸಾಮಾನ್ಯವಾಗಿ ಮೊದಲು ತೀರುವುದು ರಂಜಕ.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾಡಿನ ನಡುವಿನ ಒಂದು ಕೆರೆಗೆ ಅವರು ಅಡ್ಡಲಾಗಿ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಆ ಕೆರೆಗೆ ಹೆಸರೂ ಇರಲಿಲ್ಲ, 226 ಎಂಬ ನಂಬರ್ ಮಾತ್ರ. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ ಸುರಿದರು. ಇನ್ನೊಂದು ಪಾಲಿಗೆ ಅವೆರಡರ ಜೊತೆ ರಂಜಕವನ್ನೂ ಸುರಿದರು. ರಂಜಕ ಬಿದ್ದ ಪಾಲು ಹಸಿರು ಗಂಜಿಯಾಯಿತು, ಇನ್ನೊಂದು ಪಾಲು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಚಿತ್ರವನ್ನು ನೋಡಿದವರು ಮತ್ತೆ ವಾದಕ್ಕೆ ನಿಲ್ಲುವುದು ಕಷ್ಟ. ಬಟ್ಟೆ ಸೋಪಿನ ಪುಡಿಯಿಂದ ಫಾಸ್ಫೇಟ್ ತೆಗೆಸಬೇಕೆಂಬ ಹೋರಾಟಕ್ಕೆ ಆಗ ದೊಡ್ಡ ಬಲ ಬಂದದ್ದು ಈ ಪ್ರಯೋಗದಿಂದ.

ಸಮುದ್ರ ಸೇರುವ ಅಳಿವೆಗಳಲ್ಲಿ, ಕರಾವಳಿಯ ಉಪ್ಪುನೀರಿನಲ್ಲಿ ಲೆಕ್ಕ ಬೇರೆ. ಅಲ್ಲಿ ಹೆಚ್ಚಾಗಿ ಸಾಲದೆ ಬರುವುದು ಸಾರಜನಕ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಮಿನಿಸೋಟ, ಮಿಷಿಗನ್, ವಿಸ್ಕಾನ್ಸಿನ್‌ನಂಥ ಕೆರೆಗಳ ನಾಡುಗಳು ಚೀಲದ ನಡುವಿನ ಅಂಕಿಯ ಮೇಲೆ ಕಣ್ಣಿಟ್ಟವು. ಮೂರು ಕಡೆ ಕಡಲಿರುವ ಫ್ಲಾರಿಡಾ ಮೊದಲ ಅಂಕಿಯ ಮೇಲೂ ಕಣ್ಣಿಡಬೇಕಾಯಿತು. ರಂಜಕವನ್ನು ಚೀಲದಿಂದ ತೆಗೆದರೂ ಹುಲ್ಲು ಹಸಿರಾಗಿಯೇ ಇರುತ್ತದೆ, ಏಕೆಂದರೆ ಬಹಳಷ್ಟು ಕಡೆ ಮಣ್ಣಿನಲ್ಲೇ ಅದು ಬೇಕಾದಷ್ಟಿದೆ. ಸಾರಜನಕ ತೆಗೆದರೆ ಹುಲ್ಲಿನ ಬಣ್ಣವೇ ಇಳಿಯುತ್ತದೆ. ಆದ್ದರಿಂದ ಸಾರಜನಕವನ್ನು ಪೂರ್ತಿ ನಿಷೇಧಿಸಲು ಯಾರಿಗೂ ಧೈರ್ಯವಾಗಲಿಲ್ಲ, ‘ಈ ತಿಂಗಳುಗಳಲ್ಲಿ ಬೇಡ’ ಎಂದರು.

ಪಾಚಿ ಬೆಳೆದರೆ ಏನು ನಷ್ಟ ಎಂದು ಕೇಳುವವರಿರುತ್ತಾರೆ. ಮೇಲೆ ಹಸಿರು ಹೊದಿಕೆ ಬಿದ್ದರೆ ತಳಕ್ಕೆ ಬಿಸಿಲು ಮುಟ್ಟುವುದಿಲ್ಲ, ತಳದ ಗಿಡಗಳು ಸಾಯುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕ ಖರ್ಚಾಗಿ ಮೀನುಗಳು ಉಸಿರುಕಟ್ಟಿ ತೇಲುತ್ತವೆ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ವಿಷ ಬಿಡುತ್ತವೆ. 2014ರ ಆಗಸ್ಟ್‌ನಲ್ಲಿ ಒಹಾಯೊ ರಾಜ್ಯದ ಟೊಲಿಡೊ ನಗರದಲ್ಲಿ ಸುಮಾರು ಐದು ಲಕ್ಷ ಜನರಿಗೆ ‘ನಲ್ಲಿ ನೀರು ಕುಡಿಯಬೇಡಿ, ಕುದಿಸಿದರೂ ಪ್ರಯೋಜನವಿಲ್ಲ’ ಎಂದು ಸಾರಬೇಕಾಯಿತು. ಈರಿ ಸರೋವರದ ಪಾಚಿಯ ವಿಷ ಕುಡಿಯುವ ನೀರಿನ ಘಟಕಕ್ಕೇ ಬಂದಿತ್ತು. ಅಲ್ಲಿನ ಮುಖ್ಯ ಕಾರಣ ಹುಲ್ಲುಹಾಸಲ್ಲ, ಹೊಲಗಳು. ಆ ಮಾತಿಗೆ ಮುಂದೆ ಬರುತ್ತೇನೆ.

ಹುಲ್ಲಿನಿಂದ ಹೊಳೆಗೆ

ಗೊಬ್ಬರ ಹಾಕುವುದು ಚಿಕ್ಕ ತಳ್ಳುಗಾಡಿಯಲ್ಲಿ. ಕೆಳಗಿನ ತಟ್ಟೆ ತಿರುಗುತ್ತ ಕಾಳುಗಳನ್ನು ಎರಡೂ ಬದಿಗೆ ಎರಚುತ್ತದೆ. ಹುಲ್ಲಿನ ಅಂಚಿನಲ್ಲಿ ತಳ್ಳಿಕೊಂಡು ಹೋದರೆ ಒಂದಷ್ಟು ಕಾಳು ಕಾಂಕ್ರೀಟ್ ಕಾಲುದಾರಿಗೆ, ಕಾರು ನಿಲ್ಲಿಸುವ ಜಾಗಕ್ಕೆ, ರಸ್ತೆಯ ಬದಿಗೆ ಬೀಳದೆ ಇರದು. ಅಲ್ಲಿ ಹೀರಿಕೊಳ್ಳಲು ಬೇರಿಲ್ಲ. ಸಂಜೆ ಒಂದು ಜೋರು ಮಳೆ ಬಂತೆಂದರೆ ಆ ಕಾಳುಗಳೆಲ್ಲ ಕರಗಿ ರಸ್ತೆಯಂಚಿನ ಕಬ್ಬಿಣದ ಜಾಲರಿಯ ಬಾಯಿಗೆ.

ಬಹಳ ಜನ ತಿಳಿಯದೇ ಇರುವುದು ಇಲ್ಲೇ. ಆ ಜಾಲರಿಯೊಳಗೆ ಹೋದ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ ಎಂದೇ ಎಲ್ಲರ ನಂಬಿಕೆ. ಅಮೆರಿಕದ ಬಹುಪಾಲು ಊರುಗಳಲ್ಲಿ ಅದು ಹಾಗೆ ಹೋಗುವುದಿಲ್ಲ. ಕಕ್ಕಸಿನ ನೀರಿಗೆ ಒಂದು ಕೊಳವೆ, ಮಳೆನೀರಿಗೆ ಇನ್ನೊಂದು. ಮಳೆನೀರಿನ ಕೊಳವೆ ನೇರವಾಗಿ ಹತ್ತಿರದ ಹಳ್ಳಕ್ಕೋ ಕೆರೆಗೋ ಬಾಯಿ ತೆರೆಯುತ್ತದೆ. ನಮ್ಮ ಬೆಂಗಳೂರಿನ ರಾಜಕಾಲುವೆಗಳನ್ನು ಕಟ್ಟಿದ ಉದ್ದೇಶವೂ ಅದೇ ತಾನೆ. ಹಾಗಾಗಿ ಎಷ್ಟೋ ಊರುಗಳಲ್ಲಿ ಜಾಲರಿಯ ಪಕ್ಕ ಮೀನಿನ ಚಿತ್ರ ಬರೆದು ‘ಇದು ಹೊಳೆಗೆ ಹೋಗುತ್ತದೆ’ ಎಂದು ಬರೆದಿರುತ್ತಾರೆ.

ಫ್ಲಾರಿಡಾದಲ್ಲಿ ಇದಕ್ಕೆ ಇನ್ನೆರಡು ಸಂಗತಿ ಸೇರಿಕೊಳ್ಳುತ್ತವೆ. ಅಲ್ಲಿನ ನೆಲ ಮರಳು, ಕರಗಿದ ಸಾರಜನಕ ನಿಲ್ಲದೆ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಜೊತೆಗೆ, ಪಿನೆಲಸ್ ಪಕ್ಕದ ಟ್ಯಾಂಪಾ ನಗರದ ಕಡೆ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಧ್ಯಾಹ್ನದ ಗುಡುಗು ಮಳೆಗಳಲ್ಲಿ. ನಿಷೇಧದ ತಿಂಗಳುಗಳು ಯಾಕೆ ಅವೇ ಎಂಬುದಕ್ಕೆ ಇದು ಉತ್ತರ.

ಸಣ್ಣ ಊರುಗಳೇ ಏಕೆ?

ಅಮೆರಿಕದ ಶುದ್ಧ ಜಲ ಕಾಯ್ದೆ 1972ರದ್ದು. ಅದು ಹಿಡಿದದ್ದು ಕೊಳವೆಗಳನ್ನು: ಕಾರ್ಖಾನೆಯ ಕೊಳವೆ, ಊರಿನ ಒಳಚರಂಡಿಯ ಕೊಳವೆ. ಲೈಸೆನ್ಸ್ ಇಲ್ಲದೆ ಕೊಳವೆಯಿಂದ ಹೊಳೆಗೆ ಬಿಡುವಂತಿಲ್ಲ ಎಂದಿತು, ಅದರಿಂದ ಅಪಾರ ಒಳ್ಳೆಯದಾಯಿತು. ಆದರೆ ಹತ್ತು ಸಾವಿರ ಮನೆಗಳಿಂದ ಒಂದೊಂದು ಹಿಡಿ ಬರುವ ಕೊಳೆಗೆ ಯಾರ ಕೈಗೆ ನೋಟಿಸ್ ಕೊಡುವುದು? ಕೇಂದ್ರದ ಕಾಯ್ದೆಯ ಕೈ ಅಲ್ಲಿ ಮುಟ್ಟುವುದಿಲ್ಲ. ಆ ಕೆಲಸ ಮಳೆನೀರಿನ ಚರಂಡಿ ನೋಡಿಕೊಳ್ಳುವ ನಗರಸಭೆಯ, ಕೌಂಟಿಯ ತಲೆಗೆ ಬಿತ್ತು. ಕೆರೆಯ ದಂಡೆಯಲ್ಲಿ ಹಸಿರು ವಾಸನೆ ಬಂದಾಗ ಜನ ಫೋನ್ ಮಾಡುವುದೂ ಅವರಿಗೇ.

ಮಿನಿಯಾಪೊಲಿಸ್ ಸುತ್ತಲಿನ ಪ್ಲಿಮತ್‌ನಂಥ ಊರುಗಳು ರಂಜಕಕ್ಕೆ ಮೊದಲೇ ತಡೆ ಹಾಕಿದ್ದವು. ಅದನ್ನು ನೋಡಿ ಮಿನಿಸೋಟ ರಾಜ್ಯ 2002ರಲ್ಲಿ ಕಾನೂನು ಮಾಡಿತು. 2004ರಲ್ಲಿ ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರಗಳ ಪ್ರದೇಶಕ್ಕೂ 2005ರಲ್ಲಿ ಇಡೀ ರಾಜ್ಯಕ್ಕೂ ಅದು ಜಾರಿಯಾಯಿತು. ಹೊಸದಾಗಿ ಹುಲ್ಲು ಬೆಳೆಸುವವರಿಗೆ, ಮಣ್ಣು ಪರೀಕ್ಷೆಯಲ್ಲಿ ರಂಜಕ ಕಡಿಮೆಯೆಂದು ಕಂಡವರಿಗೆ ವಿನಾಯಿತಿ ಇತ್ತು. ಉಳಿದವರು ನಡುವೆ ಸೊನ್ನೆ ಇರುವ ಚೀಲವನ್ನೇ ಕೊಳ್ಳಬೇಕು. 2003ರಿಂದ 2006ರೊಳಗೆ ಆ ರಾಜ್ಯದ ಹುಲ್ಲುಹಾಸುಗಳಿಗೆ ಬಿದ್ದ ರಂಜಕ ಶೇ 48ರಷ್ಟು ಇಳಿಯಿತು. ವಿಸ್ಕಾನ್ಸಿನ್‌ನಲ್ಲೂ ಇದೇ ದಾರಿ: ಮೊದಲು 2005ರಲ್ಲಿ ಮ್ಯಾಡಿಸನ್ ನಗರವಿರುವ ಡೇನ್ ಕೌಂಟಿಯ ನಿಯಮ ಜಾರಿ, 2010ರಲ್ಲಿ ರಾಜ್ಯದ ನಿಯಮ. ಮುಂದೆ ನ್ಯೂಜೆರ್ಸಿ, ಮೇರಿಲ್ಯಾಂಡ್, ನ್ಯೂಯಾರ್ಕ್ ಕೂಡ ಸೇರಿಕೊಂಡವು. ರಾಜ್ಯಕ್ಕೊಂದು ಬಗೆಯ ಚೀಲ ತಯಾರಿಸುವುದು ಕಂಪನಿಗಳಿಗೂ ಕಷ್ಟವೇ. ಹುಲ್ಲುಹಾಸಿನ ಗೊಬ್ಬರದಲ್ಲಿ ಅಮೆರಿಕದ ಅತಿದೊಡ್ಡ ಕಂಪನಿ ಸ್ಕಾಟ್ಸ್ 2013ರ ಹೊತ್ತಿಗೆ ಬೆಳೆದ ಹುಲ್ಲಿಗೆ ಹಾಕುವ ತನ್ನ ಗೊಬ್ಬರಗಳಿಂದ ರಂಜಕವನ್ನೇ ಕೈಬಿಟ್ಟಿತು. ನಿಯಮವಿಲ್ಲದ ರಾಜ್ಯಗಳಲ್ಲೂ ಚೀಲದ ನಡುವೆ ಸೊನ್ನೆ ಬಂದದ್ದು ಹೀಗೆ.

ನೀರು ತಿಳಿಯಾಯಿತೇ? ಇದನ್ನು ಅಳೆದು ನೋಡಿದ ಊರು ಮಿಷಿಗನ್‌ನ ಆನ್ ಆರ್ಬರ್. 2006ರಲ್ಲಿ ನಿಯಮ ಮಾಡಿ 2007ರಲ್ಲಿ ಜಾರಿಗೆ ತಂದರು. ಅಲ್ಲಿನ ವಿಶ್ವವಿದ್ಯಾಲಯದ ಜಾನ್ ಲೆಹ್ಮನ್ ಅದಕ್ಕೂ ಕೆಲವು ವರ್ಷ ಮೊದಲಿನಿಂದ ಹ್ಯೂರನ್ ನದಿಯ ನೀರನ್ನು ತೆಗೆದು ಪರೀಕ್ಷಿಸುತ್ತಿದ್ದರು, ಹಾಗಾಗಿ ಹೋಲಿಸಲು ಹಳೆಯ ಅಂಕಿಗಳಿದ್ದವು. ನಿಯಮ ಬಂದ ಮೇಲೆ ನದಿಯ ರಂಜಕ ಸರಾಸರಿ ಶೇ 28ರಷ್ಟು ಕಡಿಮೆಯಾಗಿತ್ತು ಎಂದು 2009ರಲ್ಲಿ ಪ್ರಕಟಿಸಿದರು. ಅಷ್ಟೂ ಇಳಿಕೆ ನಿಯಮದ್ದೇ ಎಂದು ಅವರು ಹೇಳಲಿಲ್ಲ. ಅದೇ ಕಾಲದಲ್ಲಿ ನಗರ ಜನಜಾಗೃತಿಯನ್ನೂ ನಡೆಸಿತ್ತು, ಎರಡನ್ನೂ ಬೇರ್ಪಡಿಸಿ ನೋಡಲು ಆಗದು. ಈ ಪ್ರಾಮಾಣಿಕತೆಗೆ ನನಗೆ ಗೌರವವಿದೆ, ಅಂಕಿಯ ಮೇಲೆ ನಂಬಿಕೆ ಬರುವುದೂ ಅದರಿಂದಲೇ.

ಪೊಲೀಸರು ಬಂದು ಹುಲ್ಲು ಮೂಸಿ ನೋಡುವುದಿಲ್ಲ, ದಂಡ ಬೀಳುವುದು ಅಪರೂಪ. ಹಾಗಿದ್ದರೂ ಈ ನಿಯಮಗಳು ಕೆಲಸ ಮಾಡುವುದಕ್ಕೆ ಕಾರಣ ಅಂಗಡಿಯ ಕಪಾಟು. ಜನ ಕೈಗೆ ಸಿಕ್ಕಿದ ಚೀಲ ಕೊಳ್ಳುತ್ತಾರೆ. ಕಪಾಟಿನಲ್ಲಿ ರಂಜಕದ ಚೀಲ ಇಲ್ಲದಿದ್ದರೆ ಯಾರಿಗೂ ಬುದ್ಧಿ ಹೇಳಬೇಕಿಲ್ಲ. ಪಿನೆಲಸ್ ಕೌಂಟಿ ಮಾರಾಟವನ್ನೇ ಹಿಡಿದದ್ದು ಈ ಕಾರಣಕ್ಕೆ. ಗೊಬ್ಬರದ ಉದ್ಯಮಕ್ಕೆ ಅತಿ ಹೆಚ್ಚು ಸಿಟ್ಟು ತರಿಸಿದ್ದೂ ಇದೇ ಅಂಶ.

ಫ್ಲಾರಿಡಾ: ಕಡಲಹುಲ್ಲು ಮತ್ತು ಮ್ಯಾನಟಿ

2005-06ರಲ್ಲಿ ಫ್ಲಾರಿಡಾದ ಪಶ್ಚಿಮ ಕರಾವಳಿಯನ್ನು ‘ಕೆಂಪು ಅಲೆ’ ಎಂದು ಕರೆಯುವ ವಿಷಪಾಚಿ ತಿಂಗಳುಗಟ್ಟಲೆ ಕಾಡಿತು. ದಡದಲ್ಲಿ ಸತ್ತ ಮೀನಿನ ರಾಶಿ, ಗಾಳಿಯಲ್ಲೇ ಗಂಟಲು ಕೆರೆಯುವ ಅಂಶ. ಕೆಂಪು ಅಲೆ ಹುಟ್ಟುವುದು ಕಡಲಿನ ಒಳಗೆ, ದೂರದಲ್ಲಿ. ಹುಲ್ಲಿನ ಗೊಬ್ಬರ ಅದನ್ನು ಹುಟ್ಟಿಸುವುದಿಲ್ಲ. ದಡಕ್ಕೆ ಬಂದ ಮೇಲೆ ನೆಲದಿಂದ ಹರಿದುಬರುವ ಪೋಷಕಾಂಶ ಅದಕ್ಕೆ ಮೇವಾಗುತ್ತದೆ ಎಂಬ ಆತಂಕದಿಂದ ಸರಸೋಟ ಕೌಂಟಿ 2007ರಲ್ಲಿ ಬೇಸಿಗೆ ನಿಷೇಧ ತಂದಿತು. ಪಿನೆಲಸ್, ಟ್ಯಾಂಪಾ ಹಿಂಬಾಲಿಸಿದವು.

ಪೂರ್ವ ಕರಾವಳಿಯ ಕತೆ ಇನ್ನೂ ನೋವಿನದು. ಅಲ್ಲಿ ಇಂಡಿಯನ್ ರಿವರ್ ಎಂಬ ಹಿನ್ನೀರಿದೆ, ಉದ್ದ 156 ಮೈಲಿ, ಅಂದರೆ ಸುಮಾರು 250 ಕಿಲೋಮೀಟರ್. ಹೆಸರಿಗೆ ನದಿ. ನಿಜಕ್ಕೆ ಅದು ಕಡಲಿಗೂ ನೆಲಕ್ಕೂ ನಡುವೆ ಸಿಕ್ಕ ಆಳವಿಲ್ಲದ ಉಪ್ಪುನೀರು. ನೀರು ಬೇಗ ಬದಲಾಗುವುದಿಲ್ಲ, ಬಿದ್ದದ್ದು ಅಲ್ಲೇ ಉಳಿಯುತ್ತದೆ. 2011ರಲ್ಲಿ ಭಾರೀ ಪಾಚಿ ಎದ್ದು ಬಿಸಿಲು ತಡೆದು ತಳದ ಕಡಲಹುಲ್ಲು ವಿಸ್ತಾರವಾಗಿ ಸತ್ತಿತು. ಆಮೇಲೂ ಪಾಚಿ ಮತ್ತೆ ಮತ್ತೆ ಎದ್ದಿತು. ಕಡಲಹುಲ್ಲನ್ನೇ ಮೇಯುವ ಪ್ರಾಣಿ ಮ್ಯಾನಟಿ. ಎಮ್ಮೆಗಾತ್ರದ, ಯಾರಿಗೂ ಕೇಡೆಣಿಸದ ಜೀವ. 2021ರಲ್ಲಿ ಫ್ಲಾರಿಡಾದಲ್ಲಿ ಸುಮಾರು 1,100 ಮ್ಯಾನಟಿಗಳು ಸತ್ತವು, ಒಂದು ವರ್ಷದ ದಾಖಲೆ ಅದು. ಈ ಹಿನ್ನೀರಿನಲ್ಲಿ ಸತ್ತವುಗಳಲ್ಲಿ ಬಹಳಷ್ಟು ಹಸಿವಿನಿಂದ ಹೋದವು. ಆ ಚಳಿಗಾಲದಲ್ಲಿ ವಿದ್ಯುತ್ ಸ್ಥಾವರದ ಬೆಚ್ಚಗಿನ ನೀರಿನ ಬಳಿ ಗುಂಪುಗೂಡಿದ್ದ ಮ್ಯಾನಟಿಗಳಿಗೆ ಸರ್ಕಾರಿ ಸಿಬ್ಬಂದಿ ರೊಮೇನ್ ಲೆಟಿಸ್ ಸೊಪ್ಪನ್ನು ಕಂತೆ ಕಂತೆಯಾಗಿ ನೀರಿಗೆಸೆದು ಉಣಿಸಿದರು. ಕಾಡುಪ್ರಾಣಿಗೆ ಮಾರುಕಟ್ಟೆಯ ಸೊಪ್ಪು ಹಾಕಿ ಬದುಕಿಸುವ ಸ್ಥಿತಿ ಬಂದದ್ದು ನೀರಿನ ಬಣ್ಣ ಕೆಟ್ಟದ್ದರಿಂದ.

ಆ ಹಿನ್ನೀರಿನ ದಡದ ಬ್ರೆವಾರ್ಡ್ ಕೌಂಟಿಯವರು ಗೊಬ್ಬರದ ನಿಷೇಧವೊಂದೇ ಸಾಲದೆಂದು ತಿಳಿದರು. 2016ರಲ್ಲಿ ಮತ ಹಾಕಿ, ಕೊಳ್ಳುವ ವಸ್ತುಗಳ ಮೇಲೆ ಡಾಲರಿಗೆ ಅರ್ಧ ಸೆಂಟ್ ತೆರಿಗೆಯನ್ನು ಹತ್ತು ವರ್ಷಕ್ಕೆ ತಮ್ಮ ಮೇಲೆ ತಾವೇ ಹಾಕಿಕೊಂಡರು. ಆ ಹಣ ತಳದ ಕೆಸರು ತೆಗೆಯಲು, ಮನೆಗಳ ಸೆಪ್ಟಿಕ್ ಟ್ಯಾಂಕುಗಳನ್ನು ಒಳಚರಂಡಿಗೆ ಜೋಡಿಸಲು, ಮಳೆನೀರು ಸೋಸಲು ಖರ್ಚಾಗುತ್ತಿದೆ. ಈ ಕೆಲಸಗಳಿಗೆಲ್ಲ ಕೋಟಿಗಟ್ಟಲೆ ಡಾಲರ್ ಬೇಕು. ಗೊಬ್ಬರ ಹಾಕದೇ ಇರುವುದಕ್ಕೆ ಏನೂ ಬೇಡ, ಹಾಕುವವರಿಗೆ ಹಣವೇ ಉಳಿಯುತ್ತದೆ. ನೀರಿಗಿಳಿದ ಮೇಲೆ ಸಾರಜನಕವನ್ನು ಹಿಡಿದು ತೆಗೆಯುವುದು ಎಷ್ಟು ದುಬಾರಿ ಎಂದು ತಿಳಿದವರಿಗೆ ಈ ಸಣ್ಣ ನಿಯಮದ ಬೆಲೆ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮಾತು ಇದೇ.

ಎದುರಿನವರ ಮಾತು

ಹುಲ್ಲು ವಿಜ್ಞಾನಿಗಳ ತಕರಾರು ಹೀಗಿದೆ: ಬೇಸಿಗೆಯಲ್ಲೇ ಹುಲ್ಲು ಹುರುಪಿನಿಂದ ಬೆಳೆಯುವುದು, ಕೊಟ್ಟ ಸಾರಜನಕವನ್ನು ಹೀರುವುದೂ ಆಗಲೇ. ಬೇರು ಮಲಗಿರುವ ಚಳಿಗಾಲದಲ್ಲಿ ಹಾಕಿದರೆ ಅದು ಕೆಳಗೆ ಸೋರಿಹೋಗುತ್ತದೆ. ಹುಲ್ಲು ಸೊರಗಿ ನೆಲ ಬರಿದಾದರೆ ಮಣ್ಣೇ ಕೊಚ್ಚಿಹೋಗಬಹುದು. ನಿಷೇಧಕ್ಕೆ ಹಿಂದಿನ ದಿನ ಜನ ಎರಡು ಪಟ್ಟು ಸುರಿದರೆ ಬಂದ ಭಾಗ್ಯವೇನು?

ಈ ಮಾತುಗಳಲ್ಲಿ ಹುರುಳಿದೆ. ಹುಲ್ಲು ಬಲ್ಲವರು, ಅಳತೆ ತಿಳಿದವರು, ಹವಾಮಾನ ನೋಡಿ ಹಾಕುವುದಾದರೆ ಬೇಸಿಗೆಯ ಗೊಬ್ಬರ ಬಹುಪಾಲು ಹುಲ್ಲಿಗೇ ಸೇರುತ್ತದೆ. ಆದರೆ ನಿಯಮ ಮಾಡುವುದು ಶನಿವಾರ ಬೆಳಿಗ್ಗೆ ಚೀಲ ತಂದು ಅಂದಾಜಿನ ಮೇಲೆ ಎರಚುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು. ಮಧ್ಯಾಹ್ನ ಮಳೆ ಬರುವುದೋ ಇಲ್ಲವೋ ಅವರಿಗೆ ತಿಳಿಯದು. 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಸ್ವಯಂಸೇವಕರು ದಶಕಗಳಿಂದ ಕೂಡಿಸಿಟ್ಟ 160 ಕೆರೆಗಳ ನೀರಿನ ಅಂಕಿಅಂಶ ನೋಡಿದರು. ಗೊಬ್ಬರದ ನಿಯಮ ಬಂದ ಮೇಲೆ ನೀರಿನ ಗುಣ ಸುಧಾರಿಸಿದ್ದು ಕಂಡಿತು, ಚಳಿಗಾಲಕ್ಕೂ ನಿಷೇಧ ಇದ್ದ ಕಡೆ ಸುಧಾರಣೆ ಹೆಚ್ಚು ಎದ್ದುಕಂಡಿತು. ಎಂದರೆ ನಿಷೇಧ ಬೇಕೇ ಬೇಡವೇ ಎಂಬ ಜಗಳಕ್ಕಿಂತ ಯಾವ ತಿಂಗಳಲ್ಲಿ ಎಂಬ ಪ್ರಶ್ನೆ ಮುಖ್ಯ. ಎರಡೂ ಕಡೆಯವರು ಅದರ ಸುತ್ತ ಕೂತು ಮಾತಾಡಬೇಕಿತ್ತು.

ಮಾತಾಡುವ ಬದಲು 2023ರಲ್ಲಿ ಬೇರೆಯೇ ನಡೆಯಿತು. ಫ್ಲಾರಿಡಾ ಶಾಸನಸಭೆ ಅಧಿವೇಶನದ ಕೊನೆಗೆ ಬಜೆಟ್‌ಗೆ ಸಂಬಂಧಿಸಿದ ಮಸೂದೆಯೊಳಗೆ ಒಂದು ಸಾಲು ಸೇರಿಸಿತು: ಒಂದು ವರ್ಷ ಯಾವ ನಗರವೂ ಕೌಂಟಿಯೂ ಹೊಸ ಬೇಸಿಗೆ ನಿಷೇಧ ತರುವಂತಿಲ್ಲ, ಇದ್ದದ್ದನ್ನು ಬದಲಿಸುವಂತಿಲ್ಲ. ಜೊತೆಗೆ ನಿಷೇಧಗಳ ಪರಿಣಾಮದ ಅಧ್ಯಯನಕ್ಕೆಂದು ವಿಶ್ವವಿದ್ಯಾಲಯಕ್ಕೆ 2,50,000 ಡಾಲರ್ ಕೊಟ್ಟಿತು. ಹಳೆಯ ನಿಯಮಗಳು ಉಳಿದವು, 2024ರಲ್ಲಿ ಆ ತಡೆಯ ಅವಧಿಯೂ ಮುಗಿಯಿತು. ಅಧ್ಯಯನ ನಡೆಯಲಿ, ಅದು ಒಳ್ಳೆಯದೇ. ಆದರೆ ಅಧ್ಯಯನ ಮುಗಿಯುವ ತನಕ ಊರಿನವರ ಕೈ ಕಟ್ಟಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಪಾಚಿ ಅಲ್ಲಿಯವರೆಗೆ ಕಾಯುವುದಿಲ್ಲ. ಪಂಚಾಯಿತಿಗೆ ಅಧಿಕಾರ ಕೊಟ್ಟ ಹಾಗೆ ಕೊಟ್ಟು ಮೇಲಿನವರು ಹಿಂದಕ್ಕೆ ಕಿತ್ತುಕೊಳ್ಳುವುದನ್ನು ಕಂಡ ನಮಗೆ ಈ ಹಗ್ಗಜಗ್ಗಾಟ ಹೊಸದೇನೂ ಅಲ್ಲ.

ಇನ್ನೊಂದು ತಕರಾರು ಹೆಚ್ಚು ನ್ಯಾಯವಾದದ್ದು. ಬಹುತೇಕ ಎಲ್ಲ ನಿಯಮಗಳೂ ಹೊಲಗಳಿಗೆ ವಿನಾಯಿತಿ ಕೊಟ್ಟಿವೆ. ಟೊಲಿಡೊದ ನೀರು ಕೆಡಿಸಿದ ರಂಜಕ ಬಂದದ್ದು ಮುಖ್ಯವಾಗಿ ಈರಿ ಸರೋವರ ಸೇರುವ ಮೌಮಿ ನದಿಯ ಸುತ್ತಲಿನ ಮೆಕ್ಕೆಜೋಳ, ಸೋಯಾ ಹೊಲಗಳಿಂದ. ಗೊಬ್ಬರದ ಉದ್ಯಮದಿಂದಲೇ ಬಂದ ಪೆಟ್ಟೂ ಇದೆ. 2021ರಲ್ಲಿ ಪೈನಿ ಪಾಯಿಂಟ್ ಎಂಬಲ್ಲಿ ಮುಚ್ಚಿಹೋಗಿದ್ದ ಫಾಸ್ಫೇಟ್ ಗೊಬ್ಬರದ ಕಾರ್ಖಾನೆಯ ಹೊಂಡ ಒಡೆಯುವ ಭಯದಿಂದ 21.5 ಕೋಟಿ ಗ್ಯಾಲನ್, ಎಂದರೆ ಸುಮಾರು 81 ಕೋಟಿ ಲೀಟರ್ ಕೊಳೆನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಟ್ಟರು. ಮನೆ ಮುಂದೆ ಒಂದು ಚೀಲ ಎರಚದೆ ತಡೆದುಕೊಂಡವರಿಗೆ ಅದನ್ನು ಕಂಡು ಹೊಟ್ಟೆ ಉರಿಯದೆ ಇದ್ದೀತೇ? ಊರಿನ ಸಭೆಗೆ ಹೊಲದ ಮೇಲೆ, ಕಾರ್ಖಾನೆಯ ಮೇಲೆ ಅಧಿಕಾರವಿಲ್ಲ. ಇರುವ ಅಧಿಕಾರ ಬಳಸುವುದು ತಪ್ಪಲ್ಲ. ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಳ್ಳುವುದು ಮಾತ್ರ ತಪ್ಪು.

ಚೀಲದಿಂದ ರಂಜಕ ಹೋದ ಮೇಲೆ ನಗರದ ರಂಜಕ ಎಲ್ಲಿಂದ ಬರುತ್ತಿದೆ? ಮಿನಿಸೋಟದ ಸೇಂಟ್ ಪಾಲ್ ನಗರದಲ್ಲಿ ಸಾರಾ ಹಾಬಿ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಅಧ್ಯಯನ ಮಾಡಿದ ಪ್ರದೇಶಗಳಿಗೆ ಸೇರುವ ರಂಜಕದಲ್ಲಿ ಶೇ 76ರವರೆಗೂ ಸಾಕುಪ್ರಾಣಿಗಳ ಮಲದಿಂದ ಬರುತ್ತಿತ್ತು, ಅಂದರೆ ಹೆಚ್ಚಾಗಿ ನಾಯಿಗಳದ್ದು. ಸಾರಜನಕದಲ್ಲಿ ಇನ್ನೂ ಹುಲ್ಲಿನ ಗೊಬ್ಬರದ್ದೇ ಮೇಲುಗೈ. ಮ್ಯಾಡಿಸನ್‌ನಲ್ಲಿ ನಡೆದ ಇನ್ನೊಂದು ಅಧ್ಯಯನ ರಸ್ತೆಗೆ ಉದುರಿದ ಎಲೆಗಳನ್ನು ನೋಡಿತು. ಮಳೆಗೆ ಮುಂಚೆ ಅವನ್ನು ಗುಡಿಸಿ ತೆಗೆದ ಬೀದಿಗಳಲ್ಲಿ ಎಲೆಯುದುರುವ ಕಾಲದ ಮಳೆನೀರಿನ ರಂಜಕ ಶೇ 84ರಷ್ಟು ಕಡಿಮೆಯಿತ್ತು. ಬಿದ್ದ ಎಲೆ ನೀರಿನಲ್ಲಿ ನೆನೆದು ಚಹಾದಂತಾಗಿ ಚರಂಡಿಗೆ ಹೋಗುತ್ತದೆ. ಮುಂದಿನ ನಿಯಮಗಳು ಪೊರಕೆಯ ಸುತ್ತ ಇರಬೇಕೇನೋ.

ಬೆಂಗಳೂರಿನ ಕೆರೆಗಳಿಗೂ ಇದೇ ರಸಾಯನಶಾಸ್ತ್ರ, ಮೂಲ ಮಾತ್ರ ಬೇರೆ. ಬೆಳ್ಳಂದೂರು, ವರ್ತೂರು ಕೆರೆಗಳು ನೊರೆಯೆದ್ದು ರಸ್ತೆಗೆ ಹಾರಿದ್ದು, ಬೆಳ್ಳಂದೂರಿಗೆ ಬೆಂಕಿಯೇ ಹತ್ತಿದ್ದು ಹುಲ್ಲುಹಾಸಿನಿಂದಲ್ಲ, ರಾಜಕಾಲುವೆಯಲ್ಲಿ ಬಂದ ಕಕ್ಕಸಿನ ನೀರು ಮತ್ತು ಸೋಪಿನ ನೀರಿನಿಂದ. ಅಂತರಗಂಗೆ ಕೆರೆ ತುಂಬ ಹಬ್ಬುವುದೂ ಆ ಸಾರಜನಕ, ರಂಜಕ ಉಂಡೇ. ಅಲ್ಲಿನ ನಿಯಮವನ್ನು ಇಲ್ಲಿಗೆ ತಂದರೆ ಕೆರೆ ತಿಳಿಯಾಗದು. ಟ್ಯಾಂಪಾ ಕೊಲ್ಲಿಯಿಂದ ಕಲಿಯಬಹುದಾದ ಪಾಠ ಗೊಬ್ಬರದ ನಿಯಮಕ್ಕಿಂತ ಹಳೆಯದು. ಅಲ್ಲಿ ಮೊದಲು ಒಳಚರಂಡಿ ನೀರಿನ ಸಾರಜನಕ ಕಡಿಮೆ ಮಾಡಿದರು, ದಶಕಗಳ ಮೇಲೆ 2014ರ ಹೊತ್ತಿಗೆ ಕಡಲಹುಲ್ಲು 40,000 ಎಕರೆ ದಾಟಿತು. ಆಮೇಲಿನ ವರ್ಷಗಳಲ್ಲಿ ಮತ್ತೆ ಇಳಿಯಿತು, ಅದಕ್ಕೆ ಕಾರಣ ಹುಡುಕುತ್ತಿರುವಾಗಲೇ ಚಿಕ್ಕ ಮೂಲಗಳ ಕಡೆ ಗಮನ ಇನ್ನಷ್ಟು ಹರಿದಿದೆ.

ಹುಲ್ಲುಹಾಸು ಇರುವವರಿಗೆ

ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡಿಗರು ಓದುತ್ತಿದ್ದರೆ ನಾಲ್ಕು ಮಾತು. ನಿಮ್ಮ ಕೌಂಟಿಯ ನಿಷೇಧದ ತಿಂಗಳು ಯಾವುದೆಂದು ಮೊದಲು ನೋಡಿ. ಚಳಿ ನಾಡುಗಳಲ್ಲಿ ಅದು ಚಳಿಗಾಲಕ್ಕಿರುತ್ತದೆ, ನ್ಯೂಯಾರ್ಕ್‌ನ ಸಫೋಕ್ ಕೌಂಟಿಯಲ್ಲಿ ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ. ಕೆಲಸದವರಿಂದ ಹಾಕಿಸುವುದಾದರೆ ಅವರ ಬಳಿ ಸರ್ಟಿಫಿಕೇಟ್ ಇದೆಯೇ ಕೇಳಿ, ಫ್ಲಾರಿಡಾದಲ್ಲಿ 2014ರಿಂದ ಅದು ಕಡ್ಡಾಯ. ಮಣ್ಣು ಪರೀಕ್ಷೆಯನ್ನು ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಕೇಂದ್ರಗಳು ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತವೆ. ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಹೊರಗಿಡದೆ ಅಲ್ಲೇ ಬಿಟ್ಟರೆ ಹುಲ್ಲಿಗೆ ಬೇಕಾದ ಸಾರಜನಕದ ಕಾಲು ಭಾಗದಷ್ಟು ಅದರಿಂದಲೇ ಮರಳುತ್ತದೆ. ಬೇಸಿಗೆಯಲ್ಲಿ ಬಣ್ಣ ಇಳಿದರೆ ಸಾರಜನಕ, ರಂಜಕ ಇಲ್ಲದ, ಕಬ್ಬಿಣದ ಅಂಶವಿರುವ ಗೊಬ್ಬರ ಹಾಕಬಹುದು, ಅದಕ್ಕೆ ನಿಷೇಧವಿಲ್ಲ. ಕಾಂಕ್ರೀಟಿನ ಮೇಲೆ ಬಿದ್ದ ಕಾಳನ್ನು ನೀರು ಬಿಟ್ಟು ತೊಳೆಯದೆ ಗುಡಿಸಿ ಹುಲ್ಲಿಗೇ ಹಾಕಿ.

ಕೌಂಟಿಯ ಸಭೆಯಲ್ಲಿ ಇಂಥ ನಿಯಮ ಚರ್ಚೆಗೆ ಬಂದಾಗ ಸಾರ್ವಜನಿಕರಿಗೆ ಮಾತಾಡಲು ಅವಕಾಶವಿರುತ್ತದೆ, ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ. ಹೆಸರು ಬರೆಸಿದರೆ ಸಾಕು. ಗೊಬ್ಬರದ ವ್ಯಾಪಾರದವರು ತಪ್ಪದೆ ಬರುತ್ತಾರೆ, ಹೊಳೆಯ ದಡದಲ್ಲಿ ಮನೆ ಇರುವವರೂ ಬರಬೇಕು.